ಬಾಟ್ಲಿ ಖಾಲಿಯಾಗುತ್ತಿತ್ತು, ಬಟ್ಟೆ ಕಪ್ಪಾಗುತ್ತಿರಲಿಲ್ಲ

ಗುರುವಾರ, ಬೆಳಗಿನ ಐದೂಮುಕ್ಕಾಲು. ಉರಿಗಾಂನ ಹಳೆಯ ಚಿನ್ನದ ಗಣಿ ಕಾರ್ಮಿಕರ ಸಾಲುಮನೆಯೊಂದರ ಮುಂದೆ ವೆಂಕಟರತ್ನಮ್ಮ ಬಗ್ಗಿ ನಿಂತಿದ್ದಾರೆ. ಕೈಯಲ್ಲಿ ಟಾರ್ಚು. ಅದರ ಬೆಳಕು ಬಿದ್ದಿರುವುದು ಬಚ್ಚಲ ಪಕ್ಕದ ಪ್ಲಾಸ್ಟಿಕ್ ಬಕೆಟ್ಟಿನೊಳಗೆ. ರಾತ್ರಿ ಮಗು ಹೊಲಸು ಮಾಡಿದ ಎರಡು ಬಟ್ಟೆಗಳು ಅಲ್ಲಿ ಬಿದ್ದಿವೆ, ಇನ್ನೂ ತೊಳೆದಿಲ್ಲ. ಒಂದನ್ನು ಎರಡು ಬೆರಳಲ್ಲಿ ಎತ್ತಿ ನೋಡುತ್ತಾರೆ. ಹಸಿರು ಬೆರೆತ ಕಪ್ಪು.

"ಇಲ್ಲಿ ಸರಿ ಐತೆ" ಎಂದು ಬಟ್ಟೆ ಕೆಳಗಿಟ್ಟು ನೋಟ್‌ಬುಕ್ಕಿನಲ್ಲಿ ಒಂದು ಚುಕ್ಕೆ ಇಡುತ್ತಾರೆ.

ಜಗಲಿಯ ಮೇಲೆ ಟೀ ಕುಡಿಯುತ್ತಿರುವ ಸೆಲ್ವರಾಜ್ ಈ ಮನೆಯ ಅಜ್ಜ. ಗಣಿ ಮುಚ್ಚುವವರೆಗೂ ಭೂಮಿಯೊಳಗೆ ದುಡಿದವರು. "ಎನ್ನಮ್ಮಾ ರತ್ನಮ್ಮಾ, ಚಿನ್ನ ತೆಗೆದೋನ ಮೊಮ್ಮಗನಿಗೆ ಕಬ್ಬಿಣ ಕುಡಿಸ್ತಾ ಇದ್ದೀಯಲ್ಲ, ನ್ಯಾಯಮಾ ಇದು?" ಎನ್ನುತ್ತಾರೆ.

"ಚಿನ್ನ ಎಲ್ಲಾ ನೀವೇ ತೆಗೆದು ಕಳಿಸ್ಬಿಟ್ರಲ್ಲ ತಾತ. ನಂಗೆ ಉಳಿದಿದ್ದು ಇದೇ."

ವೆಂಕಟರತ್ನಮ್ಮನಿಗೆ ನಲವತ್ತೊಂಬತ್ತು. ಹದಿನೈದು ವರ್ಷದಿಂದ ಆಶಾ ಕಾರ್ಯಕರ್ತೆ. ಎರಡು ಸಾಲುಮನೆಗಳು, ಗಣಿ ಮಣ್ಣಿನ ದಿಬ್ಬದಾಚೆಯ ಒಂದು ಹಳ್ಳಿ, ಒಟ್ಟು ಇನ್ನೂರ ಹದಿನಾಲ್ಕು ಮನೆ ಅವರ ಪಾಲಿಗೆ. ಆರು ತಿಂಗಳು ತುಂಬಿ ಎದೆಹಾಲಿನ ಜೊತೆ ಊಟ ಶುರುಮಾಡಿದ, ಎರಡು ವರ್ಷದೊಳಗಿನ ಮಕ್ಕಳು ಈಗ ಇಪ್ಪತ್ಮೂರು. ಈ ಮಕ್ಕಳಿಗೆ ಬುಧವಾರ, ಶನಿವಾರ ಒಂದೊಂದು ಮಿಲಿಲೀಟರ್ ಕಬ್ಬಿಣದ ಸಿರಪ್. ಸಿರಪ್ಪಿನ ಕಬ್ಬಿಣ ಕರುಳು ದಾಟುವಾಗ ಮಲದ ಬಣ್ಣ ಬದಲಿಸುತ್ತದೆ. ಹಾಗಾಗಿ ಗುರುವಾರ ಮತ್ತು ಭಾನುವಾರ, ಹೆಂಗಸರು ಬಟ್ಟೆ ಒಗೆಯುವ ಮೊದಲೇ ಅವರು ಬಕೆಟ್ಟುಗಳ ಹತ್ತಿರ ಇರುತ್ತಾರೆ. ಇದು ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದಲ್ಲ.

"ಕುಡಿಸಿದ್ರಾ ಅಂತ ಕೇಳಿದ್ರೆ ಎಲ್ರೂ ಊಂ ಅಂತಾರೆ. ಬಟ್ಟೆಗೆ ಸುಳ್ಳು ಏಳಕ್ಕೆ ಬರಲ್ಲ" ಎನ್ನುತ್ತಾರೆ. ಬೀದಿಯಲ್ಲಿ ಅವರಿಗೆ ಬಿದ್ದ ಹೆಸರು 'ಬಕೀಟು ನೋಡೋಳು'. ಕೆಲವರು ಅವರ ಚಪ್ಪಲಿ ಸದ್ದು ಕೇಳಿದೊಡನೆ ಬಕೆಟ್ಟಿಗೆ ನೀರು ಸುರಿಯುತ್ತಾರೆ. ಬೀದಿನಾಯಿ ಎರಡು ಸಲ ಕಚ್ಚಿದೆ. ಮಂಡಿ ನೋವಿಗೆ ಬಟ್ಟೆ ಸುತ್ತಿಕೊಂಡು ದಿನಕ್ಕೆ ಐದಾರು ಕಿಲೋಮೀಟರ್ ನಡೆಯುತ್ತಾರೆ.

ಅವರಿಗೆ ಅತಿ ಹೆಚ್ಚು ಎದುರಾಗುವ ಪ್ರಶ್ನೆ ಒಂದೇ: ಎದೆಹಾಲು ಸಾಕಲ್ಲವೇ? ಮೊದಲ ಆರು ತಿಂಗಳಿಗೆ ಬೇರೆ ಆಹಾರ ಬೇಡ. ಆದರೆ ತಾಯಿಯ ಹಾಲಿನಲ್ಲಿ ಡಿ ವಿಟಮಿನ್ ಬಹಳ ಕಡಿಮೆ. ಅದಕ್ಕೇ ವೈದ್ಯರು ಹುಟ್ಟಿದ ಕೆಲವೇ ದಿನಗಳಿಂದ ಅದರ ಹನಿ ಬರೆದುಕೊಡುತ್ತಾರೆ. ಕಬ್ಬಿಣವೂ ಹಾಲಿನಲ್ಲಿ ಕಡಿಮೆಯೇ. ಮಗು ಹೊಟ್ಟೆಯಲ್ಲಿದ್ದಾಗ ಕೂಡಿಟ್ಟುಕೊಂಡ ಕಬ್ಬಿಣ ಸುಮಾರು ಆರು ತಿಂಗಳಿಗೆ ತೀರುತ್ತಾ ಬರುತ್ತದೆ, ಆಗಲೇ ಊಟ ಶುರುವಾಗುವುದು. ಒಂಬತ್ತು ತಿಂಗಳಿಗೆ ಚುಚ್ಚುಮದ್ದಿನ ಜೊತೆ ಎ ವಿಟಮಿನ್. ಕಬ್ಬಿಣ ವಿಟಮಿನ್ ಅಲ್ಲ, ಖನಿಜ. ಈ ಬೀದಿಗಳಲ್ಲಿ ಮಾತ್ರ ಎಲ್ಲಕ್ಕೂ 'ಇಟಮಿನ್ನು' ಎಂದೇ ಹೆಸರು. ಅದಲುಬದಲಾಗದಿರಲಿ ಎಂದು ಕಬ್ಬಿಣದ ಬಾಟ್ಲಿಗೆ ಕೆಂಪು ದಾರ, ಡಿ ಹನಿಯ ಬಾಟ್ಲಿಗೆ ಹಳದಿ ದಾರ ಕಟ್ಟುವುದು ವೆಂಕಟರತ್ನಮ್ಮನ ಪದ್ಧತಿ.

ಈ ಕೆಲಸದ ಮೇಲೆ ಅವರಿಗೆ ಇಷ್ಟು ಹಟ ಬರಲು ಕಾರಣ ಅವರದೇ ಮನೆಯ ಒಂದು ಗೋಡೆ. ಮಗಳು ಅಂಬಿಕ ಎರಡು ವರ್ಷದವಳಿದ್ದಾಗ ಅಡುಗೆಮನೆ ಗೋಡೆಯ ಸುಣ್ಣ ಕೆರೆದು ತಿನ್ನುತ್ತಿದ್ದಳು. "ಎರಡೇಟು ಒಡೆದೆ. ಕೇಳ್ಲಿಲ್ಲ. ಗೋಡೆಗೆ ಬೇವಿನ ಸೊಪ್ಪು ಅರೆದು ಬಳಿದೆ. ಅದನ್ನೂ ನೆಕ್ಕಿದ್ಳು. ಕೆಟ್ಟ ಚಾಳಿ ಅಂದ್ಕೊಂಡಿದ್ದೆ." ಆಶಾ ತರಬೇತಿಯ ಮೂರನೆಯ ದಿನ, ಮಣ್ಣು ಸುಣ್ಣ ತಿನ್ನುವ ಮಕ್ಕಳಲ್ಲಿ ಕಬ್ಬಿಣ ಕಡಿಮೆಯಿರಬಹುದು ಎಂದು ಯಾರೋ ಹೇಳಿದರು. ಅಂಬಿಕಳಿಗೆ ಆಗಲೇ ಹನ್ನೊಂದು ವರ್ಷ. "ಅವತ್ತು ಊಟದ ಒತ್ನಲ್ಲಿ ಎದ್ದೋಗಿ ಒಬ್ಳೇ ಕೂತಿದ್ದೆ" ಎಂದಷ್ಟೇ ಹೇಳಿ ಮುಂದಿನ ಮನೆಗೆ ಹೊರಡುತ್ತಾರೆ.

ಇವತ್ತು ಅವರ ನಡಿಗೆ ಚುರುಕಾಗಿದೆ. ದಿಬ್ಬದಾಚೆಯ ಹಳ್ಳಿಯಲ್ಲಿ ನವ್ಯ ಎಂಬ ಹನ್ನೊಂದು ತಿಂಗಳ ಮಗುವಿದೆ. ಅವಳ ರಕ್ತ ಪರೀಕ್ಷೆ ಇವತ್ತು. ಮಗುವಿನ ರಕ್ತದಲ್ಲಿ ಹಿಮೋಗ್ಲೋಬಿನ್ ಹನ್ನೊಂದಾದರೂ ಇರಬೇಕು. ನವ್ಯಳಿಗೆ ಎಂಟೂವರೆ ತಿಂಗಳಲ್ಲಿ ಇದ್ದದ್ದು ಎಂಟು ಪಾಯಿಂಟ್ ಮೂರು. ಆರೋಗ್ಯ ಕೇಂದ್ರದ ವೈದ್ಯರು ದಿನಕ್ಕೊಮ್ಮೆ ಸಿರಪ್ ಕೊಡಲು ಬರೆದರು. ತಿಂಗಳ ನಂತರ ನೋಡಿದರೆ ಎಂಟು ಪಾಯಿಂಟ್ ಎರಡು. ಇನ್ನೊಂದು ಪರೀಕ್ಷೆಯಲ್ಲೂ ಏರದಿದ್ದರೆ ಬೇರೆ ಕಾಯಿಲೆ ಇರಬಹುದು, ಕೋಲಾರದ ದೊಡ್ಡಾಸ್ಪತ್ರೆಗೆ ಹೋಗಲೇಬೇಕು ಎಂದು ವೈದ್ಯರು ಹೇಳಿ ಕಳಿಸಿದ್ದರು.

ವಿಚಿತ್ರವೆಂದರೆ ಬಾಟ್ಲಿ ಲೆಕ್ಕಕ್ಕೆ ಸರಿಯಾಗಿಯೇ ಖಾಲಿಯಾಗುತ್ತಿತ್ತು. ನವ್ಯಳ ತಾಯಿ ಭಾನುಪ್ರಿಯ ವೈಟ್‌ಫೀಲ್ಡ್ ಕಡೆಯ ಗಾರ್ಮೆಂಟ್ಸಿಗೆ ಹೋಗುವವಳು. ಉರಿಗಾಂನಲ್ಲಿ ಬೆಳಗಿನ ರೈಲು ಹತ್ತಿದರೆ ಮರಳುವುದು ಸಂಜೆಗೆ. ಮಗುವಿಗೆ ಉಣಿಸುವುದು, ಸಿರಪ್ ಕೊಡುವುದು ಎಲ್ಲ ಅತ್ತೆ ಚಿಕ್ಕವೆಂಕಟಮ್ಮನದು. ಎರಡು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಅರವತ್ತೆರಡರ ಗಟ್ಟಿ ಹೆಂಗಸು. ಸುಳ್ಳು ಹೇಳುವವರಲ್ಲ.

"ಹಾಲಿನ ಜೊತೆ ಕೊಡ್ತಾವ್ರೇನೋ, ಹಾಲು ಕಬ್ಬಿಣನ ತಡೀತದೆ ಅಂತ ಮೊದಲು ಅನುಮಾನ ಬಂತು" ಎಂದು ವೆಂಕಟರತ್ನಮ್ಮ ನೆನೆಯುತ್ತಾರೆ. "ಆದ್ರೆ ರಕ್ತಕ್ಕೆ ಸೇರದ ಕಬ್ಬಿಣ ಆಚೆ ಬರ್ಬೇಕಲ್ಲ? ಬಟ್ಟೆ ಇನ್ನೂ ಕಪ್ಪಾಗ್ಬೇಕಲ್ಲ? ಆ ಮನೇಲಿ ಮೂರು ಸಲ ನೋಡ್ದೆ. ಅರಿಶಿಣದ ಅಂಗೇ ಇತ್ತು. ಬೇರೆ ಮನೆಯೋರು ಕಪ್ಪು ಕಪ್ಪು ಅಂತ ನನ್ನ ಬೈತಾರೆ. ಆಯಮ್ಮ ಒಂದಿನಾನೂ ಬೈಯ್ಲಿಲ್ಲ."

ಅಂದರೆ ಔಷಧ ಮಗುವಿನ ಕರುಳು ಮುಟ್ಟುತ್ತಲೇ ಇರಲಿಲ್ಲ. ಹಾಗಾದರೆ ಬಾಟ್ಲಿಯಿಂದ ಹೊರಬಿದ್ದದ್ದು ಹೋಗುತ್ತಿದ್ದುದೆಲ್ಲಿಗೆ?

ಒಂದು ಬೆಳಿಗ್ಗೆ ಏಳು ಗಂಟೆಗೆ ಅವರು ಆ ಮನೆಯ ಒಲೆಯ ಮುಂದೆ ಸುಮ್ಮನೆ ಕೂತು ನೋಡಿದರು. ಚಿಕ್ಕವೆಂಕಟಮ್ಮ ಹಾಲು ಹಾಕಿ ರಾಗಿ ಸರಿ ಕಾಸಿದರು. ಸಿರಪ್ ಒಗರು, ಮಗು ಉಗುಳುತ್ತದೆ ಎಂದು ಅದನ್ನು ಅಳೆದು ಬಟ್ಟಲಿನ ಸರಿಗೇ ಬೆರೆಸಿದರು. ಕಂದು ಸರಿಯಲ್ಲಿ ಕಂದು ಸಿರಪ್ ಕಾಣಲೇ ಇಲ್ಲ. ನಾಲಿಗೆಗೆ ಮಾತ್ರ ಗೊತ್ತಾಯಿತು. ನವ್ಯ ಎರಡು ಚಮಚ ತಿಂದು ಮುಖ ತಿರುಗಿಸಿದಳು. ರಾತ್ರಿ, ಬೆಳಗಿನ ಎದೆಹಾಲಿನ ಮೇಲೇ ದಿನ ದೂಡುತ್ತಿದ್ದ ಮಗು. ಉಳಿದದ್ದನ್ನು ಅಜ್ಜಿ ಬಟ್ಟಲಿನಿಂದ ಬೆರಳಲ್ಲಿ ಬಳಿದು ತಾವೇ ತಿನ್ನತೊಡಗಿದರು.

"ಯಾಕೆ ದೊಡ್ಡಮ್ಮ, ನೀನ್ಯಾಕೆ ತಿಂತೀಯ?"

"ಮಗೂ ಬಿಟ್ಟಿದ್ದನ್ನ ಎಸೀಬಾರ್ದಮ್ಮ. ನಮ್ಮನೇಲಿ ನಾಯಿಗೂ ಆಕಲ್ಲ. ನಮ್ಮತ್ತೆ ಕಾಲದಿಂದಾನೂ ಅಂಗೇಯಾ."

ವೆಂಕಟರತ್ನಮ್ಮ ಮೆಲ್ಲಗೆ ಕೇಳಿದರಂತೆ: "ದೊಡ್ಡಮ್ಮ, ಬೇಜಾರ್ ಮಾಡ್ಕೋಬ್ಯಾಡ. ನಿಂಗೆ ಕಪ್ಪಗೆ ಓಗ್ತಾ ಐತಾ?"

ಅಜ್ಜಿಯ ಬೆರಳು ಬಟ್ಟಲಲ್ಲೇ ನಿಂತಿತು. "ನಿಂಗ್ಯಾರೇ ಏಳಿದ್ದು?"

ಅಷ್ಟು ಕಡಿಮೆ ಔಷಧಕ್ಕೆ ದೊಡ್ಡವರೆಲ್ಲರಲ್ಲೂ ಹೀಗಾಗದು, ಇವರಲ್ಲಿ ಆಗಿತ್ತು. ಹೊಟ್ಟೆಯೊಳಗೆ ಹುಣ್ಣಾಗಿದೆ, ತನ್ನ ಕಾಲ ಮುಗಿಯಿತು ಎಂದುಕೊಂಡು ಅವರು ಮಗ ಗಿರಿಗೂ ಹೇಳದೆ ಒಂದು ತಿಂಗಳು ಒಳಗೊಳಗೇ ಕೊರಗಿದ್ದರು. ಹಸುಗಳನ್ನು ಯಾರಿಗೆ ಒಪ್ಪಿಸುವುದೆಂದೂ ತೀರ್ಮಾನಿಸಿ ಆಗಿತ್ತು. "ಒಳ್ಳೇದಾಯ್ತು ಬುಡು, ನಾನಿನ್ನೂ ಸಾಯಲ್ಲ" ಎಂದು ನಕ್ಕವರು, ಮರುಗಳಿಗೆಗೆ ಮಗುವನ್ನು ಎದೆಗೊತ್ತಿಕೊಂಡು ಕಣ್ಣೀರು ಹಾಕಿದರು. "ನಿನ್ ಪಾಲು ನಾನು ತಿಂದ್ನಲ್ಲವ್ವಾ."

ವೆಂಕಟರತ್ನಮ್ಮ ಬೈಯಲಿಲ್ಲ. ತಮ್ಮ ಮನೆಯ ಗೋಡೆಗೆ ಬೇವು ಬಳಿದ ಕಥೆ ಹೇಳಿದರು. ವೈದ್ಯರಿಗೂ ಫೋನು ಮಾಡಿ ಎಲ್ಲ ತಿಳಿಸಿದರು. ಅಂದಿನಿಂದ ಆ ಮನೆಯ ಕ್ರಮ ಬದಲಾಗಿದೆ. ರೈಲಿಗೆ ಹೊರಡುವ ಮುನ್ನ ಭಾನುಪ್ರಿಯಳೇ ಸಿರಪ್ಪನ್ನು ಡ್ರಾಪರಿನಲ್ಲಿ ಮಗುವಿನ ಕೆನ್ನೆಯೊಳಗೆ ಬಿಡುತ್ತಾಳೆ. ಹಾಲು ಹಾಕಿ ಕಾಸಿದ ಸರಿ ಒಂದು ಗಂಟೆ ತಡವಾಗಿ. ಮಧ್ಯಾಹ್ನ ಟೊಮ್ಯಾಟೊ ಹಾಕಿ ಬೇಯಿಸಿ ಮಸೆದ ಅನ್ನ, ಬೇಳೆ, ಸೊಪ್ಪು. ಆರು ವಾರವಾಯಿತು.

ಇವತ್ತು ಚಿಕ್ಕವೆಂಕಟಮ್ಮ ಬೇಗ ಹಾಲು ಕರೆದು ಬಾಗಿಲಲ್ಲೇ ಕಾಯುತ್ತಿದ್ದಾರೆ. ವೆಂಕಟರತ್ನಮ್ಮನ ಗುಲಾಬಿ ಸೀರೆ ದಿಬ್ಬದ ದಾರಿಯಲ್ಲಿ ಕಂಡಕೂಡಲೇ ಬಕೆಟ್ಟನ್ನು ತಾವೇ ಮುಂದಕ್ಕೆ ತಳ್ಳುತ್ತಾರೆ. "ನೋಡ್ಕಳಮ್ಮ, ಇದ್ಲು ಇದ್ದಂಗೈತೆ. ಇವತ್ತೂ ರಕ್ತ ಏರಿಲ್ಲ ಅಂದ್ರೆ ನಿನ್ ಬಾಟ್ಲಿನ ದಿಬ್ಬಕ್ಕೆಸೀತೀನಿ."

"ಎಸೆಯೋವಂತೆ ನಡಿ ದೊಡ್ಡಮ್ಮ, ಮೊದ್ಲು ಮಗೂಗೆ ಟೋಪಿ ಆಕು."

ಒಂಬತ್ತೂವರೆಗೆ ಆರೋಗ್ಯ ಕೇಂದ್ರದ ಬೆಂಚಿನಲ್ಲಿ ಇಬ್ಬರೂ ಮಗುವಿನೊಡನೆ ಕೂತಿದ್ದಾರೆ. ಭಾನುಪ್ರಿಯಳಿಗೆ ರಜೆ ಸಿಕ್ಕಿಲ್ಲ, ಎರಡು ಸಲ ಫೋನು ಮಾಡಿದ್ದಾಳೆ. ನರ್ಸು ನವ್ಯಳ ಪುಟ್ಟ ಬೆರಳಿಗೆ ಚುಚ್ಚುತ್ತಾರೆ. ಕಿರುಚಾಟ. ಒಂದು ಹನಿ ರಕ್ತ ಅಂಗೈಯಗಲದ ಯಂತ್ರದೊಳಕ್ಕೆ ಹೋಗುತ್ತದೆ. ವೆಂಕಟರತ್ನಮ್ಮ ಯಂತ್ರದ ಕಡೆ ನೋಡುತ್ತಿಲ್ಲ, ನೋಟ್‌ಬುಕ್ಕಿನ ಅಂಚನ್ನು ಉಗುರಲ್ಲಿ ಕೆರೆಯುತ್ತಿದ್ದಾರೆ.

"ಒಂಬತ್ತು ಪಾಯಿಂಟ್ ಎಂಟು" ಎನ್ನುತ್ತಾರೆ ನರ್ಸು.

ಹನ್ನೊಂದಕ್ಕೆ ಇನ್ನೂ ದೂರವಿದೆ. ಆದರೆ ಕೋಲಾರಕ್ಕೆ ಹೋಗಬೇಕಿಲ್ಲ, ಇದೇ ಕ್ರಮ ಮುಂದುವರಿಸಿ ಎಂದು ವೈದ್ಯರು ಚೀಟಿಯಲ್ಲಿ ಬರೆದು ಇನ್ನೊಂದು ಬಾಟ್ಲಿ ಕೊಡಿಸುತ್ತಾರೆ. ಚಿಕ್ಕವೆಂಕಟಮ್ಮ ಸೆರಗಲ್ಲಿ ಮಗುವಿನ ಮೂಗು ಒರೆಸುತ್ತಾ, "ಆ ಬಾಟ್ಲಿ ಎಲ್ಲಿಟ್ಟೆ, ಜೋಪಾನ ಕಣಮ್ಮ" ಎಂದು ಕೇಳುತ್ತಾರೆ, ಯಾರನ್ನೂ ನೋಡದೆ.

ಹೊರಗೆ ಬಿಸಿಲು ಏರಿದೆ. ಮಧ್ಯಾಹ್ನದೊಳಗೆ ಇನ್ನೂ ಒಂಬತ್ತು ಮನೆ ಬಾಕಿ ಇವೆ. ಅಷ್ಟು ಹೊತ್ತಿಗೆ ಬಟ್ಟೆಗಳೆಲ್ಲ ಒಗೆದು ತಂತಿಯ ಮೇಲಿರುತ್ತವೆ; ಇನ್ನು ಬಾಯಿಮಾತಲ್ಲೇ ಕೇಳಬೇಕು. ಇಷ್ಟೆಲ್ಲ ಮಾಡಿ ಬೈಸಿಕೊಳ್ಳುವುದು ಬೇಸರವಲ್ಲವೇ ಎಂದರೆ ವೆಂಕಟರತ್ನಮ್ಮ ಚೀಲ ಹೆಗಲಿಗೇರಿಸುತ್ತಾ ಹೇಳುತ್ತಾರೆ:

"ಇಪ್ಪತ್ಮೂರು ಮನೆಯೋರೂ ಬೈಯ್ಲಿ ಅಂತಾನೇ ನನ್ನಾಸೆ. ಬೈತಾವ್ರೆ ಅಂದ್ರೆ ಮದ್ದು ಮಗೂ ಒಟ್ಟೇಗೆ ಓಗೈತೆ ಅಂತ. ಸುಮ್ಕಿರೋ ಮನೆ ಕಂಡ್ರೇನೇ ನಂಗೆ ಭಯ."