ಒಬ್ಬರಿಗೆ ಎರಡೇ

ಔಷಧಿ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಅಂಚಿನಮ್ಮ ಎಂದೇ ಕರೆಯುತ್ತಿದ್ದರು. ಒಂದು ಬಾಟಲಿ ಮಾರಾಟವಾದರೆ ಹಿಂದಿನದನ್ನು ಕಪಾಟಿನ ಅಂಚಿಗೆ ಎಳೆದು ನಿಲ್ಲಿಸುವುದು ಹದಿನೆಂಟು ವರ್ಷದಿಂದ ಅವಳ ಕೆಲಸ. ಹಿಂದೆ ಖಾಲಿಯಿದ್ದರೂ ಮುಂದೆ ನಿಂತು ನೋಡಿದವರಿಗೆ ಕಪಾಟು ತುಂಬಿದಂತೆ ಕಾಣಬೇಕು. ಬೋರ್ಡು ಬರೆಯುವವಳೂ ಅವಳೇ. ಅಕ್ಷರವೆಂದರೆ ಮುತ್ತು ಪೋಣಿಸಿದ ಹಾಗೆ. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಅಂಗಡಿಯಲ್ಲೊಂದು ಪದ್ಧತಿಯಿತ್ತು. ಕೆಲಸದವರು ತಮಗೆ ಬೇಕಾದ್ದನ್ನು ಸಂಜೆ ಷಟರ್ ಅರ್ಧ ಇಳಿಸಿದ ಮೇಲೆಯೇ ಕೊಳ್ಳಬೇಕು, ಅದೂ ಗಿರಾಕಿಗಳು ಬಿಟ್ಟುಹೋದದ್ದರಲ್ಲಿ. ಉಳಿದವರು ಕದ್ದುಮುಚ್ಚಿ ಮೊದಲೇ ಎತ್ತಿಡುತ್ತಿದ್ದರು. ಅಂಚಿನಮ್ಮ ಒಂದು ತಲೆನೋವಿನ ಮಾತ್ರೆಯನ್ನೂ ಹಾಗೆ ಮುಟ್ಟಿದವಳಲ್ಲ. ಅದು ಅವಳ ಹೆಮ್ಮೆ, ಹಟ, ಏನು ಬೇಕಾದರೂ ಅನ್ನಿ.

ಮನೆಯಲ್ಲಿ ಅವಳು, ಅವಳ ಅಕ್ಕ, ಇಬ್ಬರೇ. ಅಕ್ಕನ ಎರಡೂ ಕಿಡ್ನಿ ಕೈಕೊಟ್ಟು ಮೂರು ವರ್ಷವಾಗಿತ್ತು. ಹೊಟ್ಟೆಯಲ್ಲಿ ಕೂರಿಸಿದ್ದ ಸಣ್ಣ ಕೊಳವೆಯಿಂದ ದಿನಕ್ಕೆ ನಾಲ್ಕು ಸಲ ಮೈಯ ಕಲ್ಮಶ ಹೀರಿದ ಹಳೆಯ ನೀರು ಇಳಿಸಿ, ಚೀಲದ ಹೊಸ ನೀರು ಒಳಗೆ ಬಿಟ್ಟುಕೊಳ್ಳಬೇಕು. ಅದಕ್ಕೆ ಮುಂಚೆ ಕೈ ತೊಳೆದು, ಒರೆಸಿ, ಸ್ಯಾನಿಟೈಸರ್ ಹಚ್ಚಿ ಉಜ್ಜಲೇಬೇಕು. "ಆ ಕೊಳವೇಲಿ ಒಂದು ಕ್ರಿಮಿ ಒಳಗೆ ಹೋದ್ರೂ ಜೀವಕ್ಕೇ ಬರುತ್ತೆ," ಎಂದು ಆಸ್ಪತ್ರೆಯ ನರ್ಸ್ ಮೊದಲ ದಿನವೇ ಎಚ್ಚರಿಸಿದ್ದಳು.

ಆಗ ಬಂತು ನೋಡಿ, ಆ ಹಾಳು ಜ್ವರದ ಸುದ್ದಿ! ಊರಲ್ಲಿ ಇನ್ನೂ ಒಬ್ಬರಿಗೂ ಬಂದಿರಲಿಲ್ಲ, ಜನ ಅಂಗಡಿಗೆ ಮುಗಿಬಿದ್ದರು. ಒಬ್ಬ ಆರು ಬಾಟಲಿ ಸ್ಯಾನಿಟೈಸರ್ ಅಪ್ಪಿಕೊಂಡು ಹೋದ, ಇನ್ನೊಬ್ಬಳು ಒಂಬತ್ತು. ಹೀಗಾದರೆ ಬೇಕಾದವರಿಗೆ ಸಿಗುವುದು ಯಾವಾಗ ಎಂದು ಅಂಚಿನಮ್ಮನಿಗೆ ಮೈಯೆಲ್ಲ ಉರಿಯಿತು. ಮ್ಯಾನೇಜರನ್ನು ಕೇಳಿ, ದಪ್ಪ ರಟ್ಟಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದು ಕಪಾಟಿಗೆ ತೂಗುಹಾಕಿದಳು: "ಒಬ್ಬರಿಗೆ ಎರಡೇ."

ಅಲ್ಲೇ ಎಡವಟ್ಟಾಗಿದ್ದು. ಅಲ್ಲಿಯವರೆಗೆ ಮುಕ್ಕಾಲು ಜನ ಆ ಕಪಾಟಿನ ಕಡೆ ತಿರುಗಿಯೂ ನೋಡದೆ ಹೋಗುತ್ತಿದ್ದರು. ಬೋರ್ಡು ಬಿದ್ದ ಮೇಲೆ ಒಬ್ಬೊಬ್ಬರೂ ನಿಂತರು, ಓದಿದರು, ಎರಡೆರಡು ಎತ್ತಿಕೊಂಡರು. ಕಾಲಿನ ಆಣಿಗೆ ಪಟ್ಟಿ ಕೊಳ್ಳಲು ಬಂದವನಿಗೂ ಎರಡು ಬೇಕಾಯಿತು. ಗಂಡ ಹೆಂಡತಿ ಬಾಗಿಲಲ್ಲೇ ಬೇರೆಯಾಗಿ, ಪರಿಚಯವೇ ಇಲ್ಲದವರ ಹಾಗೆ ಎರಡು ಸಾಲಿನಲ್ಲಿ ನಿಂತರು. ನಾಚಿಕೆ, ಮಾನ, ಮರ್ಯಾದೆ ಒಂದಾದರೂ ಬೇಡವೇ ಈ ಜನಕ್ಕೆ!

ಮ್ಯಾನೇಜರಿಗೆ ಮಾತ್ರ ಹಿಗ್ಗೋ ಹಿಗ್ಗು. "ಏನು ಬರೆದ್ಯಮ್ಮಾ! ಒಂದು ವಾರದ ಮಾಲು ಒಂದೇ ದಿನಕ್ಕೆ ಹೋಯ್ತಲ್ಲ. ಥರ್ಮಾಮೀಟರಿಗೂ ಇಂಥದ್ದೇ ಒಂದು ಬರೆದುಬಿಡು."

"ನಾನು ಬರೆದಿದ್ದು ಉಳೀಲಿ ಅಂತ ಸಾರ್, ಹೋಗ್ಲಿ ಅಂತ ಅಲ್ಲ. ತೆಗೆದುಬಿಡ್ತೀನಿ."

"ಮುಟ್ಟಿದ್ಯೋ, ನೋಡು!" ಎಂದು ಅವನು ಬೆರಳೆತ್ತಿ ಗದರಿಸಿ ಒಳಗೆ ಹೋದ.

ನಾಲ್ಕು ಸಂಜೆ ಷಟರ್ ಅರ್ಧ ಇಳಿಯಿತು. ನಾಲ್ಕು ಸಂಜೆಯೂ ಕಪಾಟು ಬರಿದು. ಬೇರೆ ಅಂಗಡಿಗಳಲ್ಲೂ ಇಲ್ಲ, ಆಸ್ಪತ್ರೆಯಲ್ಲೂ ಇಲ್ಲ. ಐದನೆಯ ದಿನ ಬೆಳಿಗ್ಗೆ ಅಕ್ಕ ಕೊನೆಯ ಬಾಟಲಿಯನ್ನು ತಲೆಕೆಳಗಾಗಿ ಹಿಡಿದು ಅಂಗೈಗೆ ತಟ್ಟುತ್ತಿದ್ದಳು.

"ಈ ಹೊತ್ತಿಗೆ ಹೇಗೋ ಆಯ್ತು. ಮಧ್ಯಾಹ್ನಕ್ಕೆ ಏನು ಗತಿಯೇ?" ಎಂದಳು ಅಕ್ಕ. "ಅದೇ ಅಂಗಡೀಲಿ ಕೆಲಸ ಮಾಡ್ತೀಯ. ಮೊದಲೇ ಒಂದು ತೆಗೆದಿಟ್ಕೊಂಡಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು?"

ಅಂಚಿನಮ್ಮನಿಗೆ ಆ ಬೋರ್ಡು ಬರೆದವಳು ತಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಚಪ್ಪಲಿ ಮೆಟ್ಟಿ ಹೊರಟುಬಿಟ್ಟಳು.

ಅವತ್ತು ಹೊಸ ಪೆಟ್ಟಿಗೆ ಬಿಚ್ಚಿ ಬಾಟಲಿಗಳನ್ನು ಅಂಚಿಗೆ ಜೋಡಿಸಿದವಳು, ಕೊನೆಯದೊಂದನ್ನು ಕೈಯಲ್ಲೇ ಉಳಿಸಿಕೊಂಡಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಆದರೆ ಕದ್ದುಮುಚ್ಚಿ ಅಲ್ಲ. ಅಂಗಡಿಯ ಏಪ್ರನ್ ತೊಟ್ಟೇ ಹೋಗಿ ಗಿರಾಕಿಗಳ ಸಾಲಿನ ಕೊನೆಯಲ್ಲಿ ನಿಂತಳು.

"ಓಹೋ, ಕೆಲಸದೋರೇ ತುಂಬ್ಕೊಂಡು ಹೋಗ್ತಾರೆ ನೋಡ್ರಪ್ಪಾ!" ಎಂದು ಮುಂದಿದ್ದ ಕನ್ನಡಕದವನು ಕೂಗಿದ. ಸಾಲಿಗೆ ಸಾಲೇ ಅವಳ ಮೇಲೆ ತಿರುಗಿಬಿತ್ತು. ಕೂಗಿದವರೆಲ್ಲರ ಕೈಯಲ್ಲೂ ಎರಡೆರಡು ಬಾಟಲಿ!

ಅಂಚಿನಮ್ಮನ ತಾಳ್ಮೆಯ ಕಟ್ಟೆಯೊಡೆಯಿತು. "ನಮ್ಮಕ್ಕನ ಹೊಟ್ಟೇಲಿ ಕೊಳವೆ ಇದೆ ಸ್ವಾಮಿ. ಇದಿಲ್ಲದೆ ಅದನ್ನ ಮುಟ್ಟೋ ಹಾಗಿಲ್ಲ, ಮುಟ್ಟದೆ ಇದ್ರೆ ಅವಳು ಬದುಕೋ ಹಾಗಿಲ್ಲ. ನಿಮಗ್ಯಾಕೆ ಎರಡು? ಹೇಳಿ!"

ಕನ್ನಡಕದವನು ತನ್ನ ಕೈಯನ್ನು ಈಗಷ್ಟೇ ನೋಡಿದವನಂತೆ ನೋಡಿಕೊಂಡ. "ಗೊತ್ತಿಲ್ಲಮ್ಮ," ಎಂದ ಮೆತ್ತಗೆ. "ನಾನು ಬಂದಿದ್ದು ಟೂತ್‌ಪೇಸ್ಟಿಗೆ. ಅಲ್ಲಿ ಎರಡೇ ಅಂತ ಬರೆದಿತ್ತು. ಆಮೇಲೆ ಸಿಗದೆ ಹೋದ್ರೆ ಅಂತ..."

ಅಂಚಿನಮ್ಮ ದಡದಡನೆ ಕಪಾಟಿನ ಹತ್ತಿರ ಹೋಗಿ, ಆ ಕೆಂಪು ಬೋರ್ಡನ್ನು ಕಿತ್ತು ಎರಡು ತುಂಡು ಮಾಡಿ ನೆಲಕ್ಕೆ ಬಿಸಾಕಿದಳು.

ತಕ್ಷಣ ಯಾರೋ ಕಿರುಚಿದರು: "ಬೋರ್ಡು ತೆಗೆದ್ರು! ಮಾಲು ಮುಗೀತಾ ಬಂತು ಅಂತ ಕಾಣುತ್ತೆ, ಬನ್ರೋ!"

ಇಡೀ ಸಾಲು ಮುರಿದು ಕಪಾಟಿನ ಮೇಲೆ ಬಿತ್ತು. ಎಲ್ಲರಿಗಿಂತ ಮುಂದೆ ಅದೇ ಕನ್ನಡಕದವನು. ಬಿಲ್ಲಿನ ಮೇಜಿನ ಎದುರು ಈಗ ಒಂದು ನರಪಿಳ್ಳೆಯೂ ಇರಲಿಲ್ಲ. ಅಂಚಿನಮ್ಮ ಹೋಗಿ ಮೊದಲನೆಯವಳಾಗಿ ನಿಂತಳು.

"ಒಂದೇನಾ?" ಎಂದಳು ಬಿಲ್ಲು ಹಾಕುವವಳು. "ಇನ್ನೊಂದು ತಂದುಬಿಡಿ, ನಾಳೆಗೆ ಸಿಗಲ್ಲ."

ಅಂಚಿನಮ್ಮನ ಕಾಲು ತಾನಾಗಿಯೇ ಒಂದು ಹೆಜ್ಜೆ ಕಪಾಟಿನತ್ತ ತಿರುಗಿತ್ತು. ಅದು ಅರಿವಾದದ್ದೇ ಅವಳ ಮುಖ ಕೆಂಪಾಯಿತು. "ಥೂ," ಎಂದಳು, ಯಾರಿಗೆಂದು ಬಿಲ್ಲಿನವಳಿಗೆ ತಿಳಿಯಲಿಲ್ಲ. "ಇಷ್ಟೇ ಹಾಕು."

ಊಟದ ಬಿಡುವಿಗೆ ಮನೆಗೆ ಓಡಿದಳು. ಅಕ್ಕ ಕೈ ತೊಳೆದು, ಒರೆಸಿಕೊಂಡು, ಏನನ್ನೂ ಮುಟ್ಟದೆ ಎರಡೂ ಕೈ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಹಾಸಿಗೆಯ ಪಕ್ಕ ಕಾಯುತ್ತ ನಿಂತಿದ್ದಳು. ತಂಗಿಯ ಚೀಲದ ಕಡೆ ಇಣುಕಿದಳು.

"ಒಂದೇ ತಂದ್ಯಾ? ಎರಡು ಕೊಡ್ತಾರಂತಲ್ಲೇ."

"ಈಗ ನಿಂಗೆಷ್ಟು ಬೇಕು?"

"ಒಂದು."

"ಹಾಗಾದ್ರೆ ಕೈ ಚಾಚು," ಎಂದು ಅಂಚಿನಮ್ಮ ಮುಚ್ಚಳ ತಿರುವಿದಳು.