ಕರವಾನಿಯ ಪಕ್ಕೆಲುಬು

ಎರಡನೆಯ ವರ್ಷವೂ ಮಳೆ ಕೈಕೊಟ್ಟಾಗ ಔರಾದ ತಾಲೂಕಿನಲ್ಲಿದ್ದ ನನ್ನ ಅಕ್ಕ ಮತ್ತು ಭಾವ ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಟರು. ಹೋಗುವ ದಾರಿಯಲ್ಲಿ ಬೀದರಿನ ನೌಬಾದದಲ್ಲಿದ್ದ ನಮ್ಮ ಮನೆಗೆ ಬಂದು, ಚಹಾ ಕುಡಿದು, ತಮ್ಮ ನಾಯಿಯನ್ನು ಬಿಟ್ಟುಹೋದರು. ಆಡುಗಳನ್ನು ಮಾರಿದ್ದರು, ಎತ್ತುಗಳನ್ನು ಮಾರಿದ್ದರು. ನಾಯಿಯನ್ನು ಮಾತ್ರ ಮಾರಲು ಭಾವನಿಗೆ ಮನಸ್ಸಾಗಿರಲಿಲ್ಲ.

"ಮಳಿ ಬಿದ್ದ ಮ್ಯಾಲ ಬಂದು ಒಯ್ತೇವಿ. ಜರಾ ಜೋಪಾನ," ಅಂದರು ಭಾವ.

"ಏನ್ ತಿಂತದ್ರಿ ಇದು?" ಎಂದು ನನ್ನ ಗಂಡ ಕೇಳಿದರು.

"ತಿನ್ನೋದಕ್ಕ ಅಷ್ಟೇನಿಲ್ಲ. ಓಡಬೇಕು ಅದಕ್ಕ."

ಅದು ಕರವಾನಿ ಎಂಬ ಬೇಟೆನಾಯಿ ಜಾತಿ. ಉದ್ದ ಮೂತಿ, ಸಣ್ಣ ನಡು, ಕಡ್ಡಿಯಂಥ ಕಾಲು. ಹೊಲಕ್ಕೆ ಬರುವ ಹಂದಿ, ಜಿಂಕೆಗಳನ್ನು ಅಟ್ಟುವುದು ಅದರ ಕೆಲಸವಾಗಿತ್ತು. ಬೆಳೆ ಇಲ್ಲದ ಹೊಲಕ್ಕೆ ಹಂದಿಗಳೂ ಬರುವುದನ್ನು ಬಿಟ್ಟಿದ್ದರಿಂದ ಅದಕ್ಕೂ ಕೆಲಸ ಹೋಗಿತ್ತು. ಹಾಗೆ ನೋಡಿದರೆ ಗುಳೆ ಹೊರಟವರು ಮೂವರು, ಒಬ್ಬ ಬೀದರಿನಲ್ಲೇ ಇಳಿದ ಎನ್ನಬೇಕು.

ಅಕ್ಕನ ಊರಿನಿಂದ ದನಕರು ಮಾರಿ, ಮನೆಗೆ ಕೀಲಿ ಹಾಕಿ ಹೋದವರು ಮರಳಿ ಬಂದದ್ದನ್ನು ನಾನು ಕಂಡಿರಲಿಲ್ಲ. ಮದುವೆಗೆ, ಮಣ್ಣಿಗೆ ಬರುತ್ತಿದ್ದರು, ಎರಡು ದಿನ ಇದ್ದು ಹೋಗುತ್ತಿದ್ದರು. ಈ ನಾಯಿ ನನ್ನ ಅಂಗಳದಲ್ಲಿ ಇರುವ ತನಕ ಅಕ್ಕ ಬರಲೇಬೇಕು ಎಂದು ನಾನು ನನ್ನಷ್ಟಕ್ಕೆ ಲೆಕ್ಕ ಹಾಕಿಕೊಂಡೆ. ಆದ್ದರಿಂದ ನಾನು ಪ್ರಾಣಿಪ್ರಿಯಳು ಎಂದು ಯಾರೂ ತಿಳಿಯಬೇಕಾಗಿಲ್ಲ. ನನಗೆ ನಾಯಿ ಬೇಕಾಗಿರಲಿಲ್ಲ, ಅಕ್ಕ ಬೇಕಾಗಿದ್ದಳು.

ನಮ್ಮ ಮನೆಯ ಹಿಂದೆ ಹೊಸ ಲೇಔಟು ಇತ್ತು. ಪ್ಲಾಟು ಕೊಂಡವರು ಅಡಿಪಾಯ ಹಾಕಿ, ಕಬ್ಬಿಣದ ಸರಳು ನಿಲ್ಲಿಸಿ, ನೀರಿಲ್ಲದೆ ಕೆಲಸ ಬಿಟ್ಟಿದ್ದರು. ಹೀಗೆ ಬರಗಾಲದ ದಯೆಯಿಂದ ನೌಬಾದಕ್ಕೆ ಒಂದು ಬಯಲು ಸಿಕ್ಕಿತ್ತು. ಮುಂಜಾನೆ ನಾಯಿ ಸಾಕಿದವರೆಲ್ಲ ಅಲ್ಲಿ ಸೇರುತ್ತಿದ್ದರು. ನಿವೃತ್ತ ಪೊಲೀಸರೊಬ್ಬರ ಅಲ್ಸೇಶಿಯನ್, ಬೇರೆ ಯಾರದೋ ಒಂದು ದಪ್ಪ ಲ್ಯಾಬ್ರಡಾರ್, ಯಾರದೂ ಅಲ್ಲದ ನಾಲ್ಕಾರು ಬೀದಿನಾಯಿಗಳು, ಮತ್ತು ನಮ್ಮ ಪಕ್ಕದ ಮನೆಯ ಕಾಕುವಿನ ಬಿಳಿ ಪಾಮೇರಿಯನ್. ನಾನು ಭಾಲ್ಕಿಯ ಕಚೇರಿಗೆ ರೈಲು ಹಿಡಿಯುವ ಮೊದಲು ಕರವಾನಿಯನ್ನು ಅಲ್ಲಿಗೆ ಒಯ್ದು ಓಡಿಸಿ ತರಬೇಕಿತ್ತು. ಓಡಿಸದ ದಿನ ಅದು ಅಂಗಳವನ್ನೆಲ್ಲ ಅಗೆದು, ನಡುವೆ ಮಲಗಿ, ನನ್ನನ್ನೇ ನೋಡುತ್ತಿತ್ತು.

ಕಾಕು ನಿವೃತ್ತ ಶಿಕ್ಷಕಿ, ಬಸವಣ್ಣನ ಭಕ್ತೆ. ಅವರ ಮನೆಗೆ ಹೋದವರು ಏನಾದರೂ ತಿನ್ನದೆ ಹೊರಗೆ ಬರುವಂತಿರಲಿಲ್ಲ. ಅವರ ನಾಯಿಯ ಆಕಾರವೇ ಅದಕ್ಕೆ ಸಾಕ್ಷಿ. ಕರವಾನಿಯನ್ನು ಮೊದಲ ಸಲ ಕಂಡಾಗ ಅವರು ಎದೆಯ ಮೇಲೆ ಕೈ ಇಟ್ಟುಕೊಂಡರು.

"ತಂಗೀ, ಇದರ ಎಲುಬೆಲ್ಲ ಕಾಣ್ಲತ್ತಾವಲ್ಲ!"

"ಅದರ ಜಾತಿನೇ ಹಂಗ ಕಾಕು. ಚೊಲೊ ಉಣ್ತದ."

"ಇದ್ರೂ ಇರ್ಬಹುದವ್ವ," ಅಂದರು. ನಂಬಿದವರು ಹಾಗೆ ಹೇಳುವುದಿಲ್ಲ.

ಬರಗಾಲದಲ್ಲಿ ಪಕ್ಕೆಲುಬು ಕಾಣುವ ನಾಯಿಯನ್ನು ಹಗ್ಗ ಹಿಡಿದು ಊರಲ್ಲಿ ನಡೆಸಬಾರದು. ಈ ಬುದ್ಧಿ ನನಗೆ ತಡವಾಗಿ ಬಂತು. ಒಂದು ಭಾನುವಾರ ಗಾಂಧಿ ಗಂಜಕ್ಕೆ ತೊಗರಿಬೇಳೆ ತರಲು ಹೋದಾಗ ಅದನ್ನೂ ಕರೆದುಕೊಂಡು ಹೋಗಿದ್ದೆ. ಹಮಾಲರು ಚೀಲ ಹೊರುವುದನ್ನು ನಿಲ್ಲಿಸಿ ನೋಡಿದರು. ಒಬ್ಬ ತನ್ನ ಬುತ್ತಿಯ ರೊಟ್ಟಿ ಮುರಿದು ಹಾಕಿದ. ಇನ್ನೊಬ್ಬ ನೇರವಾಗಿ ಕೇಳಿದ, "ಬಾಯಾರ, ನಿಮಗ ನೌಕರಿ ಅದ, ಪಗಾರ ಅದ. ನಾಯಿಗಿ ಹಿಡಿ ಅನ್ನ ಇಲ್ಲೇನ್ರಿ?" ಕರವಾನಿ ರೊಟ್ಟಿಯನ್ನು ಮೂಸಿ ಬಿಟ್ಟಿತು. ಹಸಿದು ಹಸಿದು ತಿನ್ನುವುದನ್ನೇ ಮರೆತಿದೆ ಎಂದು ಅಲ್ಲಿದ್ದವರು ಮಾತಾಡಿಕೊಂಡರು. ನನಗೆ ಎಂಥ ಸಿಟ್ಟು ಬಂದಿತ್ತೆಂದರೆ ಬೇಳೆ ಕೊಳ್ಳದೆ ಮನೆಗೆ ಬಂದೆ.

ನಿಜವಾದ ತೊಂದರೆ ಹೊಟ್ಟೆಯದಲ್ಲ, ಕಣ್ಣಿನದು. ಕರವಾನಿಗೆ ನಿಂತ ವಸ್ತುವಿನ ಮೇಲೆ ಯಾವ ಆಸಕ್ತಿಯೂ ಇರಲಿಲ್ಲ. ಅಲ್ಸೇಶಿಯನ್ ಎದುರು ನಿಂತು ಬೊಗಳಿದರೆ ಆಕಾಶ ನೋಡುತ್ತಿತ್ತು. ಆದರೆ ಸಣ್ಣದೇನಾದರೂ ಓಡಿದರೆ ಮುಗಿಯಿತು, ಅದಕ್ಕೆ ನಾನೂ ಇಲ್ಲ, ನೌಬಾದವೂ ಇಲ್ಲ. ಒಂದು ಮುಂಜಾನೆ ಕಾಕುವಿನ ಬಿಳಿ ನಾಯಿ ಚೆಂಡಿನ ಹಿಂದೆ ಓಡಿತು. ನಾನು ಕೂಗುವಷ್ಟರಲ್ಲಿ ಕರವಾನಿ ಇಡೀ ಬಯಲನ್ನು ದಾಟಿ ಅದನ್ನು ಉರುಳಿಸಿ ಮೇಲೆ ನಿಂತಿತ್ತು. ಬಾಯಿಯಲ್ಲಿ ಬಿಳಿ ಕೂದಲು. ಓಡಿಹೋಗಿ ಅದನ್ನು ಹಿಡಿದು ಎಳೆದೆ. ಪುಣ್ಯಕ್ಕೆ ಹಲ್ಲು ಚರ್ಮದ ತನಕ ಹೋಗಿರಲಿಲ್ಲ, ಕಾಕುವಿನ ಆರೈಕೆಯ ಕೊಬ್ಬೂ ಕೂದಲೂ ಅಷ್ಟು ದಪ್ಪ ಇದ್ದವು.

ಅಲ್ಸೇಶಿಯನ್ ಸಾಕಿದ್ದ ನಿವೃತ್ತ ಪೊಲೀಸರು ತಮ್ಮ ತೀರ್ಪು ಕೊಟ್ಟರು. "ಇನ್ನೊಮ್ಮಿ ಹಿಂಗಾದ್ರ ಮುನ್ಸಿಪಾಲ್ಟಿ ಗಾಡಿಗಿ ಹೇಳ್ತೇನಿ ನೋಡ್ರಿ. ಒಯ್ದು ಎಲ್ಲಿ ಬಿಡ್ತಾರ, ಏನ್ ಮಾಡ್ತಾರ, ನಾ ಕೇಳಂಗಿಲ್ಲ."

ಕಾಕು ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. "ಹಸಿವಿ ತಂಗೀ, ಹಸಿವಿ. ಪಾಪ, ಅದರ ತಪ್ಪೇನದ?" ಎಂದು ತಮ್ಮ ನಾಯಿಯನ್ನು ಎತ್ತಿಕೊಂಡು ಹೋದರು. ಮರುದಿನದಿಂದ ನಮ್ಮ ಕಾಂಪೌಂಡಿನ ಮೇಲೆ ಒಂದು ತಾಟು ಕಾಣಿಸತೊಡಗಿತು. ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿ.

ಬಯಲಿನಲ್ಲಿ ಹಾಗಾದ ದಿನವೇ ಸಂಜೆ ನಾನು ಗಾಂಧಿ ಗಂಜದ ಹಗ್ಗದ ಅಂಗಡಿಗೆ ಹೋಗಿ ಬಾಯಿಕುಕ್ಕೆ ಕೇಳಿದೆ. ಎಡೆ ಹೊಡೆಯುವಾಗ ಎತ್ತು ಬೆಳೆಗೆ ಬಾಯಿ ಹಾಕದಿರಲಿ ಎಂದು ಮೂತಿಗೆ ಕಟ್ಟುವ ಹಗ್ಗದ ಬಲೆ ಅದು. ಕಟ್ಟಿದರೆ ಉಸಿರಾಡಬಹುದು, ನೀರು ಕುಡಿಯಬಹುದು, ಕಚ್ಚಲು ಮಾತ್ರ ಆಗುವುದಿಲ್ಲ. ಅಂಗಡಿಯವನು ಮೇಲಿನ ಗೂಟದಿಂದ ಧೂಳು ಹಿಡಿದ ಗೊಂಚಲನ್ನು ಇಳಿಸಿದ.

"ಈ ವರ್ಷ ನೀವೇ ಮೊದಲ್ನೇ ಗಿರಾಕಿ ನೋಡ್ರಿ. ಬೆಳಿನೇ ಇಲ್ಲ, ಎತ್ತಿನ ಬಾಯಿ ಕಟ್ಟಿ ಏನ್ ಮಾಡ್ತೀರಿ?"

"ಎತ್ತಿಗಲ್ಲ, ನಾಯಿಗಿ."

ಅವನು ಕರುವಿನ ಅಳತೆಯದೊಂದನ್ನು ಕೊಟ್ಟ. ಆಮೇಲೆ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ಆ ನೋಟದ ಅರ್ಥ ಮರುದಿನ ಬಯಲಿನಲ್ಲಿ ತಿಳಿಯಿತು. ಎಲುಬು ಕಾಣುವ ನಾಯಿ, ಅದರ ಬಾಯಿಗೆ ಹಗ್ಗ. ಊಟ ಹಾಕದೆ ಬಾಯಿಯನ್ನೂ ಕಟ್ಟಿದ ಹೆಣ್ಣು ಎಂದು ನನ್ನ ಹೆಸರು ಲೇಔಟು ದಾಟಿ ಹೋಯಿತು. "ಗ್ವಾಡಿ ಮ್ಯಾಲ ಬುದ್ಧನ ಫೋಟೊ, ಅಂಗಳದಾಗ ಬಾಯಿ ಕಟ್ಟಿದ ನಾಯಿ," ಎಂದು ಹಾಲಿನವನು ನನ್ನ ಗಂಡನಿಗೇ ಹೇಳಿದನಂತೆ. ನನ್ನ ಗಂಡ ಅದನ್ನು ಬಹಳ ಚೆನ್ನಾಗಿದೆ ಎಂಬಂತೆ ನನಗೆ ವರದಿ ಮಾಡಿದರು. ಕಾಕು ಬಂದು ದಯೆಯ ಬಗ್ಗೆ ಮೆತ್ತಗೆ ಮಾತಾಡಿ ಹೋದರು. ಯಾರ ನಾಯಿಯ ಜೀವ ಉಳಿಯಲೆಂದು ಆ ಕುಕ್ಕೆ ಕಟ್ಟಿದ್ದೆನೋ ಅವರೇ.

ಅಕ್ಕ ಫೋನ್ ಮಾಡಿದಾಗ ಇದ್ಯಾವುದನ್ನೂ ಹೇಳಲಿಲ್ಲ. ಚೊಲೊ ಅದ, ಓಡ್ತದ, ಉಣ್ತದ ಎಂದೆ. "ದಪ್ಪ ಮಾಡಬ್ಯಾಡ ಮತ್ತ," ಅಂದಳು ಅಕ್ಕ.

ಆ ಬೇಸಿಗೆಯಲ್ಲಿ ನೀರಿನ ಟ್ಯಾಂಕರು ಬರುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ಹಾರ್ನ್ ಕೇಳಿದರೆ ಯಾರು ಎಲ್ಲಿದ್ದರೂ ಕೊಡ ಹಿಡಿದು ಓಡಬೇಕು. ಒಂದು ಮುಂಜಾನೆ ನಾವು ಬಯಲಿನಲ್ಲಿದ್ದಾಗಲೇ ಹಾರ್ನ್ ಕೇಳಿಸಿತು. ಕುಕ್ಕೆ ಹಾಕಿದ್ದ ಕರವಾನಿಯನ್ನು ಅಡಿಪಾಯದ ಸರಳಿಗೆ ಕಟ್ಟಿ ನಾನು ಓಡಿದೆ. ಕಾಕುವಿನ ಮನೆಯಲ್ಲಿ ಕೊಡ ಹೊರಲು ಸೊಸೆ ಇದ್ದಳು. ಆದ್ದರಿಂದ ಕಾಕುವಿಗೆ ಬಿಡುವಿತ್ತು, ಸೆರಗಿನಲ್ಲಿ ರೊಟ್ಟಿಯೂ ಇತ್ತು.

ನಾನು ಎರಡನೆಯ ಕೊಡ ತುಂಬುತ್ತಿದ್ದೆ. ಆಗ ಬಯಲಿನಿಂದ ಒಂದು ಕೂಗು ಬಂತು. ನಾಯಿಯ ಕೂಗು ಎಂದು ಹೇಳಲಾಗದು, ಮನುಷ್ಯರು ಹಾಗೆ ಚೀರಿದ್ದನ್ನು ಆಸ್ಪತ್ರೆಯಲ್ಲಿ ಕೇಳಿದ್ದೆ. ಸಾಲಿನಲ್ಲಿದ್ದವರೆಲ್ಲ ಕೊಡ ಬಿಟ್ಟು ಓಡಿದರು. ಟ್ಯಾಂಕರಿನ ಸಾಲು ಬಿಟ್ಟು ಜನ ಓಡಿದ್ದನ್ನು ಆ ವರ್ಷ ನಾನು ನೋಡಿದ್ದು ಅದೊಂದೇ ಸಲ. ಕರವಾನಿ ಬಿಳಿ ನಾಯಿಯನ್ನು ಮುಗಿಸಿತು ಎಂದೇ ಎಲ್ಲರೂ ತಿಳಿದಿದ್ದರು. ಕುಕ್ಕೆ ಕಳಚಿರಬೇಕು ಎಂದು ನಾನೂ ಹಾಗೇ ತಿಳಿದೆ. ಓಡುತ್ತಲೇ ಮುನ್ಸಿಪಾಲ್ಟಿ ಗಾಡಿ ಕಣ್ಣ ಮುಂದೆ ಬಂತು, ಅದರ ಹಿಂದೆ ಅಕ್ಕನ ಮುಖ ಬಂತು.

ಹೋಗಿ ನೋಡಿದರೆ ಬಿಳಿ ನಾಯಿ ರೊಟ್ಟಿ ತಿನ್ನುತ್ತಿತ್ತು.

ಕುಕ್ಕೆ ನೆಲದ ಮೇಲೆ ಬಿದ್ದಿತ್ತು. ಕರವಾನಿ ಕಾಕುವಿನ ಸೀರೆಯ ಹಿಂದೆ ಅಡಗಿ ನಡುಗುತ್ತಿತ್ತು. ಅದರ ತೊಡೆಯ ಮೇಲಿನ ಚರ್ಮ ಒಂದು ಗೇಣು ಹರಿದು, ಹಳೆಯ ಪರದೆಯ ಹಾಗೆ ಜೋತುಬಿದ್ದಿತ್ತು. ಆದದ್ದು ಇಷ್ಟು. ಕಾಕು ಕುಕ್ಕೆ ಬಿಚ್ಚಿ, ಅದರ ಮುಂದೆ ರೊಟ್ಟಿ ಇಟ್ಟಿದ್ದರು. ತನ್ನ ಮನೆಯ ರೊಟ್ಟಿ ಪರರ ಮುಂದೆ ಇರುವುದನ್ನು ಬಿಳಿ ನಾಯಿ ಸಹಿಸಲಿಲ್ಲ. ನಡೆದು ಬಂದು ಕಚ್ಚಿತು. ಓಡಿ ಬಂದಿದ್ದರೆ ಕರವಾನಿ ಎಚ್ಚರಾಗುತ್ತಿತ್ತೋ ಏನೋ. ಅದು ಕಟ್ಟಿಹಾಕಿದಲ್ಲೇ ನಿಂತು, ರೊಟ್ಟಿಯನ್ನೂ ಮುಟ್ಟದೆ, ಕಚ್ಚಿದ್ದನ್ನು ತಿರುಗಿ ಕಚ್ಚದೆ ಚೀರಿತ್ತು.

ಪೊಲೀಸರ ಸ್ಕೂಟರಿನಲ್ಲಿ ದನದ ದವಾಖಾನೆಗೆ ಹೋದೆವು. ಸ್ಕೂಟರು ಅವರಾಗಿಯೇ ತಂದರು, ಮುನ್ಸಿಪಾಲ್ಟಿ ಗಾಡಿಯ ಮಾತೆತ್ತಲಿಲ್ಲ. ನಾನು ಹಿಂದೆ ಕೂತು ನಾಯಿಯನ್ನು ಅಪ್ಪಿ ಹಿಡಿದಿದ್ದೆ. ಅದರ ಎದೆ ನನ್ನ ಎದೆಗೆ ಬಡಿಯುತ್ತಿತ್ತು. ಇದು ಸತ್ತರೆ ಅಕ್ಕನಿಗೆ ಏನು ಹೇಳಲಿ ಎಂದು ಹೊರಟವಳು, ಅರ್ಧ ದಾರಿಯಲ್ಲಿ ಇದು ಸಾಯಬಾರದು ಎಂದಷ್ಟೇ ಯೋಚಿಸುತ್ತಿದ್ದೆ. ಆ ಯೋಚನೆಯಿಂದ ಅಕ್ಕ ಎಲ್ಲಿ ಬಿಟ್ಟುಹೋದಳೋ ಗೊತ್ತಾಗಲಿಲ್ಲ.

ಎಮ್ಮೆಗಳ ನಡುವೆ ನಮ್ಮ ಸರದಿ ಬಂತು. "ಇದಕ್ಕ ಚರ್ಮ ಅಂತಾರೇನ್ರಿ? ಮಲ್‌ಮಲ್ ಬಟ್ಟಿ ಅದ," ಎಂದು ಡಾಕ್ಟರು ಹೊಲಿಯತೊಡಗಿದರು. ಅಷ್ಟರಲ್ಲಿ ಆಟೋ ಹಿಡಿದು ಬಂದ ಕಾಕು ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಅವರ ಕಣ್ಣೀರು ಅದರ ಕಿವಿಯ ಮೇಲೆ ಬೀಳುತ್ತಿತ್ತು.

"ನಾ ಸಣ್ಣಾಕಿ ಇದ್ದಾಗಿನ ಬರದಾಗ ನಮ್ಮನಿ ಆಕಳ ಎಲುಬು ಹಿಂಗೇ ಕಾಣ್ತಿದ್ವು ತಂಗೀ. ಆವಾಗ ನಮ್ಮ ಕಡಿ ಹಾಕ್ಲಾಕ ಏನೂ ಇದ್ದಿಲ್ಲ."

ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಇನ್ನು ಎಲ್ಲಿ ಇಡುವುದೋ ನನಗೆ ತಿಳಿಯಲಿಲ್ಲ. ಹೊಲಿಗೆ ಮುಗಿಯುವ ತನಕ ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ.

ಮನೆಗೆ ಬಂದ ಮೇಲೆ ಕಾಕು ನೂಲಿನಲ್ಲಿ ಒಂದು ಪುಟ್ಟ ಬಾಯಿಕುಕ್ಕೆ ಹೆಣೆದು ತಮ್ಮ ನಾಯಿಗೆ ಕಟ್ಟಿದರು. ಅಂಚಿಗೆ ಕೆಂಪು ಹೂವು ಬೇರೆ. ಬಯಲಿನಲ್ಲಿ ಸಣ್ಣ ನಾಯಿಗಳು ಮೊದಲು, ದೊಡ್ಡವು ಆಮೇಲೆ ಎಂದಾಯಿತು. ತಿನ್ನುವ ಪದಾರ್ಥ ತರಬಾರದು ಎಂದೂ ಆಯಿತು. ಕಾಂಪೌಂಡಿನ ಮೇಲಿನ ತಾಟು ಮಾತ್ರ ನಿಲ್ಲಲಿಲ್ಲ. ಅದರಲ್ಲಿ ಈಗ ನಮಗಾಗಿ ಪಲ್ಯ ಬರುತ್ತಿತ್ತು. ಬಹುಶಃ ಕಾಕುವಿಗೆ ನನ್ನ ಎಲುಬೂ ಕಾಣತೊಡಗಿತ್ತು.

ಮೃಗಶಿರಾದಲ್ಲಿ ಮಳೆ ಬಿತ್ತು. ಒಳ್ಳೆಯ ಮಳೆ. ಲೇಔಟಿನ ಅಡಿಪಾಯಗಳು ಬಾವಿಗಳಾದವು. ನಾನು ಅಂಗಳದಲ್ಲಿ ನಿಂತು ತೊಯ್ಸಿಕೊಂಡೆ, ಅಕ್ಕ ಬರುತ್ತಾಳೆ ಎಂದು ನಾಯಿಗೆ ಗಟ್ಟಿಯಾಗಿ ಹೇಳಿದೆ.

ಬಂದರು. ಭಾವನನ್ನು ಕಂಡು ಕರವಾನಿ ಗೇಟು ಹಾರಿ ಹೋಯಿತು. ಅವರು ಅದರ ಮೈಯೆಲ್ಲ ಸವರಿ, ತೊಡೆಯ ಮೇಲಿನ ಗೆರೆಯ ಬಳಿ ಕೈ ನಿಲ್ಲಿಸಿದರು. ನಾನು ಎಲ್ಲವನ್ನೂ ಹೇಳಿದೆ. ಕಚ್ಚಿದ ನಾಯಿಯನ್ನು ತೋರಿಸು ಎಂದು ಹೋಗಿ ನೋಡಿ ಬಂದು, ಭಾವ ನಕ್ಕರು. ಒಪ್ಪಿಸಬೇಕಾದದ್ದನ್ನು ಒಪ್ಪಿಸಿದ್ದೆ.

ಊಟಕ್ಕೆ ಕೂತಾಗ, ಬಿತ್ತಲು ಬೀಜ ಔರಾದದಲ್ಲಿ ಸಿಗುತ್ತದೋ ಇಲ್ಲಿಂದಲೇ ಒಯ್ಯುತ್ತೀರೋ ಎಂದು ಕೇಳಿದೆ. ಅಕ್ಕ ಹೇಳಿದಳು.

"ಹೊಲ ಪಾಲಿಗಿ ಕೊಟ್ಟೇವಿ. ಇವರಿಗಿ ಪುಣೆದಾಗೇ ವಾಚ್‌ಮನ್ ಕೆಲಸ ಆಗ್ಯಾದ, ಇರ್ಲಾಕ ಖೋಲಿನೂ ಕೊಟ್ಟಾರ. ಸುತ್ತ ಬಯಲದ, ನಾಯಿಗಿ ಓಡ್ಲಾಕ ಚೊಲೊ ಜಾಗಾ. ಅದರ ಸಲುವಾಗೇ ಬಂದೇವಿ ನೋಡು. ಇಲ್ದಿದ್ರ ಇಷ್ಟು ದೂರ ಯಾಕ ಬರೋಣ?"

ಮರುದಿನ ಗಾಂಧಿ ಗಂಜದಿಂದ ಪುಣೆಗೆ ಬೇಳೆ ಹೊತ್ತು ಹೊರಟ ಲಾರಿಯಲ್ಲಿ ಹೋದರು. ಕಾಕು ರೊಟ್ಟಿ ಕಟ್ಟಿ ಕೊಟ್ಟಿದ್ದರು. ಕ್ಯಾಬಿನ್ನಿನಲ್ಲಿ ಅಕ್ಕ ಮತ್ತು ಭಾವನ ನಡುವೆ ಕರವಾನಿ ನೆಟ್ಟಗೆ ಕೂತು ಮುಂದಿನ ರಸ್ತೆ ನೋಡುತ್ತಿತ್ತು. ಅಕ್ಕ ಕಿಟಕಿಯಿಂದ ಬಾಗಿ ಕೆಳಗೆ ನೋಡಿ, ಬಿಟ್ಟದ್ದು ಏನೂ ಇಲ್ಲವಲ್ಲ ಎಂದು ಭಾವನನ್ನು ಕೇಳಿದಳು. ಗಂಟು, ಬಕೆಟು, ನಾಯಿ, ಎಲ್ಲ ಬಂದಿದೆ ಎಂದರು ಅವರು. ನಾನು ಲಾರಿಯ ಪಕ್ಕದಲ್ಲೇ ನಿಂತಿದ್ದೆ. ನನ್ನನ್ನು ಜೋಪಾನ ಮಾಡಿರೆಂದು ಅಕ್ಕ ಯಾರಿಗೂ ಹೇಳಿ ಹೋಗಲಿಲ್ಲ.