ಮೂರು ಪಾಯಿಂಟಿನ ಗೆರೆ

ಅವನ ಮೇಲೆ ನನಗಿದ್ದದ್ದು ಹೊಟ್ಟೆಕಿಚ್ಚೇ. ಬೇಸರ, ಅಸಮಾಧಾನ ಅಂತ ನಯವಾದ ಮಾತು ಹಾಕಿ ಬರೆಯಬಹುದಿತ್ತು. ಈ ವಯಸ್ಸಿನಲ್ಲಿ ಯಾರನ್ನು ಮೆಚ್ಚಿಸಬೇಕಾಗಿದೆ?

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾವಿಬ್ಬರೂ ಕೋಲಾರದ ಕಾಲೇಜಿನಲ್ಲಿ ಒಂದೇ ತರಗತಿ, ಒಂದೇ ಬಾಸ್ಕೆಟ್‌ಬಾಲ್ ತಂಡ. ಅವನ ತಂದೆ ಕೋಲಾರದಲ್ಲಿ ವಕೀಲರು. ನಾನು ಬೈರಕೂರಿನ ಕಡೆಯವನು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಏಳನೇ ಕ್ಲಾಸು ದಾಟಿರಲಿಲ್ಲ. ಹಾಸ್ಟೆಲ್ಲಿಗೆ ಸೇರಿದ ದಿನ ಕಂಬದ ಮೇಲಿನ ತಳವಿಲ್ಲದ ಬಲೆ ನೋಡಿ, ‘ಇದರಲ್ಲಿ ಏನು ನಿಲ್ಲುತ್ತೆ?’ ಅಂತ ಕೇಳಿ ಎಲ್ಲರ ನಗೆಗೆ ಗುರಿಯಾಗಿದ್ದೆ. ಎರಡನೇ ವರ್ಷದ ಹೊತ್ತಿಗೆ ಆ ಬಲೆಗೆ ಅತಿ ಹೆಚ್ಚು ಬಾಲು ಹಾಕುವವನು ನಾನೇ ಆಗಿದ್ದೆ.

ಅಂಗಳ ಮಣ್ಣಿನದು. ಪಂದ್ಯದ ಹಿಂದಿನ ದಿನ ಅದನ್ನು ಹದ ಮಾಡುವ ಕೆಲಸವೂ ನನ್ನದೇ. ರಾಗಿ ಕಣ ಮಾಡುವ ಹಾಗೆ ನೀರು ಚಿಮುಕಿಸಿ, ಕಲ್ಲಿನ ಗುಂಡು ಉರುಳಿಸಿ, ಸಗಣಿನೀರು ಬಳಿದು ಒಣಗಿಸುತ್ತಿದ್ದೆ. ಅವನು ಕೈ ಕಟ್ಟಿಕೊಂಡು ನಿಂತು, ‘ಆ ಮೂಲೇಲಿ ಇನ್ನೊಂದ್ಸಲ ಉರುಳ್ಸು ಕಣೋ’ ಅನ್ನುತ್ತಿದ್ದ. ಸಿಟ್ಟು ಬರುತ್ತಿತ್ತು. ಆದರೆ ಹೋಗಿ ನೋಡಿದರೆ ಆ ಮೂಲೆ ನಿಜಕ್ಕೂ ಉಬ್ಬಿರುತ್ತಿತ್ತು.

ಆಟದಲ್ಲಿ ಅವನು ಸಾಧಾರಣ. ಆದರೆ ಆಟ ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಟೀ ಲೋಟ, ಉಪ್ಪಿನ ಬಟ್ಟಲು, ಬೀಡಿ ಕಟ್ಟು ಎಲ್ಲವನ್ನೂ ಮೇಜಿನ ಮೇಲೆ ಆಟಗಾರರ ಹಾಗೆ ನಿಲ್ಲಿಸಿ ಪಂದ್ಯವನ್ನು ಮತ್ತೆ ಹೇಳುತ್ತಿದ್ದ. ಯಾರು ಯಾವಾಗ ಎಡಕ್ಕೆ ಸರಿದರು, ದಾರಿ ಎಲ್ಲಿ ತೆರೆಯಿತು, ಎಲ್ಲ. ಬಾಲು ಹಾಕಿದವನು ನಾನು. ಹೇಗೆ ಹಾಕಿದೆ ಎಂದು ನನಗೆ ಗೊತ್ತಾಗುತ್ತಿದ್ದದ್ದು ಅವನ ಬಾಯಿಂದ. ಪಕ್ಕದ ಮೇಜಿನವರೂ ಎದ್ದು ಬಂದು ಅವನನ್ನೇ ನೋಡುತ್ತಿದ್ದರು. ನನ್ನ ಹೊಟ್ಟೆ ಉರಿಯಲು ಶುರುವಾದದ್ದು ಅಲ್ಲಿ.

ಇಬ್ಬರೂ ಡಿಗ್ರಿ ಮುಗಿಸಿದೆವು, ದೈಹಿಕ ಶಿಕ್ಷಣದ ತರಬೇತಿಯನ್ನೂ ಮುಗಿಸಿದೆವು. ನಮ್ಮ ಕಾಲೇಜಿನಲ್ಲೇ ಕೋಚ್ ಹುದ್ದೆ ಖಾಲಿಯಾದಾಗ ಇಬ್ಬರೂ ಅರ್ಜಿ ಹಾಕಿದೆವು. ಅದು ಅವನಿಗೆ ಆಯಿತು. ನಾನು ಶ್ರೀನಿವಾಸಪುರದ ಜೂನಿಯರ್ ಕಾಲೇಜಿಗೆ ಪಿ.ಟಿ. ಮೇಷ್ಟ್ರಾಗಿ ಹೋದೆ. ಅಲ್ಲಿ ಅಂಗಳವೇ ಇರಲಿಲ್ಲ. ಮಾಲೂರಿನ ಹೆಂಚಿನ ಕಾರ್ಖಾನೆಯಿಂದ ಒಡೆದ ಹೆಂಚು ತರಿಸಿ, ಕುಟ್ಟಿ ಪುಡಿ ಮಾಡಿ ಮಣ್ಣಿಗೆ ಬೆರೆಸಿ, ನನ್ನ ಕೈಯಾರೆ ಒಂದು ಅಂಗಳ ಮಾಡಿದೆ. ಐದು ವರ್ಷ ತಂಡ ಕಟ್ಟಿದೆ. ಮುಳಬಾಗಿಲಿನ ಪಂದ್ಯಾವಳಿಯ ಫೈನಲ್ಲಿನಲ್ಲಿ ಅವನ ತಂಡದ ಎದುರು ನಿಂತೆವು. ಸೋತೆವು.

ಮುಗಿದ ಮೇಲೆ ಅವನು ನನ್ನ ಹೆಗಲ ಮೇಲೆ ಕೈ ಹಾಕಿದ. ‘ನಿನ್ನ ಹುಡುಗ್ರು ಚೆನ್ನಾಗವ್ರೆ ಕಣೋ. ಆದ್ರೆ ಐದು ಜನಾನೂ ಬಾಲ್ ನೋಡ್ತಾರೆ, ಎದುರಿಗಿರೋ ಆಳ್ನ ಯಾರೂ ನೋಡಲ್ಲ.’

‘ಗೆದ್ದೋನು ಏನ್ ಹೇಳಿದ್ರೂ ವೇದ’ ಅಂದು ಕೈ ಕೊಡವಿದೆ. ಅವನು ಹೇಳಿದ್ದು ಸರಿಯಾಗಿತ್ತು. ಮರುದಿನದ ಅಭ್ಯಾಸದಲ್ಲಿ ನನ್ನದೇ ಮಾತು ಎಂಬಂತೆ ಅದನ್ನು ಹುಡುಗರಿಗೆ ಹೇಳಿದೆ.

ಎಂಬತ್ತರ ದಶಕದಲ್ಲಿ ನಮ್ಮ ಕಡೆಗೂ ಟಿ.ವಿ. ಬಂತು. ಬೆಂಗಳೂರಿನ ಕೇಂದ್ರದಿಂದ ಭಾನುವಾರ ಸಂಜೆ ಕನ್ನಡದಲ್ಲಿ ಆಟೋಟದ ಕಾರ್ಯಕ್ರಮ. ಬಾಸ್ಕೆಟ್‌ಬಾಲ್ ಬಗ್ಗೆ ಮಾತಾಡಲು ಅವನನ್ನು ಕರೆದರು. ಮೊದಲು ತಿಂಗಳಿಗೊಮ್ಮೆ, ಆಮೇಲೆ ಪ್ರತಿ ವಾರ. ಕೊನೆಗೆ ಕೋಚ್ ಕೆಲಸ ಬಿಟ್ಟು ಬೆಂಗಳೂರಿಗೇ ಹೋದ.

ನಮ್ಮ ಬೀದಿಯಲ್ಲಿ ಟಿ.ವಿ. ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಹಾಗಾಗಿ ಅವನ ಮುಖವನ್ನು ಇಡೀ ಬೀದಿಗೆ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ಪಕ್ಕದ ಮನೆಯ ಸಾಬರು, ಮಾವಿನ ಮಂಡಿ ಇಟ್ಟವರು, ಬಂದವರೇ ಚಾಪೆಯ ಮೇಲೆ ಕೂರುತ್ತಿದ್ದರು. ‘ಏನ್ ಮೇಷ್ಟ್ರೇ, ನಿಮ್ ದೋಸ್ತು ಅಂತೆ? ಎಷ್ಟ್ ಸಾಫಾಗಿ ಮಾತಾಡ್ತಾರೆ!’ ಊರಿನಿಂದ ಬಂದಿದ್ದ ಅಪ್ಪ ಇನ್ನೂ ಮುಂದೆ ಹೋದರು. ಖುಷಿಯಾದಾಗ ಅವರ ಬಾಯಿಗೆ ತೆಲುಗು ಬರುತ್ತಿತ್ತು. ‘ಎಂತ ಬಾಗ ಚೆಪ್ತಾಡುರಾ! ಎಷ್ಟ್ ಚೆನ್ನಾಗ್ ಹೇಳ್ತಾನ್ಲಾ! ಲೇ, ಇವ್ನು ನಮ್ಮನೇಲಿ ಮುದ್ದೆ ತಿಂದೋಗಿದ್ನಲ್ವೇನ್ಲಾ? ನೀನೂ ಅವನಷ್ಟೇ ಓದಿದ್ದೀಯ. ನೀನ್ಯಾಕ್ಲಾ ಅದರೊಳಕ್ಕೆ ಹೋಗ್ಲಿಲ್ಲ?’

ನನ್ನ ಓದು ಅಪ್ಪನಿಗೆ ಊರಿನಲ್ಲಿ ತಲೆ ಎತ್ತಿ ನಡೆಯುವ ಕಾರಣವಾಗಿತ್ತು. ‘ನನ್ ಮಗ ಹೇಳಿದ್ರೆ ಮುಗೀತು, ಓದ್ದೋನು’ ಅಂತ ಪಂಚಾಯಿತಿ ಕಟ್ಟೆಯಲ್ಲಿ ಹೇಳುತ್ತಿದ್ದವರು ಅವರು.

ಹೀಗಿರುವಾಗ ಒಂದು ಭಾನುವಾರ ಅವನು ಯಾವುದೋ ಪಂದ್ಯ ತೋರಿಸುತ್ತಾ, ‘ದೂರದಿಂದ ಹಾಕಿದ ಈ ಬಾಲಿಗೆ ಮೂರು ಪಾಯಿಂಟ್’ ಅಂದ.

ನಾನು ಎದ್ದು ನಿಂತೆ. ‘ತಪ್ಪು! ಬಾಸ್ಕೆಟ್ಟಿಗೆ ಎರಡೇ ಪಾಯಿಂಟ್. ಎಲ್ಲಿಂದ ಹಾಕಿದ್ರೂ ಎರಡೇ.’

‘ನಿಜವೇನ್ಲಾ?’ ಅಂದರು ಅಪ್ಪ.

‘ಹೈಸ್ಕೂಲ್ ಹುಡುಗ್ರಿಗೂ ಗೊತ್ತಪ್ಪ. ಟಿ.ವಿ.ನಲ್ಲಿ ಕೂತ್ಕೊಂಡು ಬಾಯಿಗೆ ಬಂದಂಗೆ ಹೇಳ್ತಾವ್ನೆ.’

ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಅಂದೇ ಕೂತು ಟಿ.ವಿ. ಕೇಂದ್ರಕ್ಕೆ ಪತ್ರ ಬರೆದೆ. ಇಂಥ ಅರೆಬರೆ ತಿಳಿದವರನ್ನು ಕೂರಿಸಿ ನಾಡಿನ ಮಕ್ಕಳ ದಾರಿ ತಪ್ಪಿಸಬೇಡಿ ಎಂದು. ಕೆಳಗೆ ಹೆಸರು, ಹೆಸರಿನ ಮುಂದೆ ನನ್ನ ಎರಡೂ ಪದವಿ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದ ಮೇಲೆಯೇ ಅಂಚೆಗೆ ಹಾಕಿದ್ದು. ಆ ಕಾರ್ಯಕ್ರಮದ ಕೊನೆಯಲ್ಲಿ ಪತ್ರಗಳಿಗೆ ಉತ್ತರ ಕೊಡುತ್ತಿದ್ದರು. ನನ್ನ ಪತ್ರ ಓದುವುದನ್ನು ಕೇಳಲು ಎರಡು ವಾರ ನಾನೇ ಮನೆಮನೆಗೆ ಹೋಗಿ ಜನ ಕರೆದೆ. ಚಾಪೆ ಸಾಲದೆ ಕಂಬಳಿ ಹಾಸಿದೆವು.

ಎರಡನೇ ಭಾನುವಾರ ಅವನ ಕೈಯಲ್ಲಿ ನನ್ನ ನೀಲಿ ಇನ್‌ಲ್ಯಾಂಡ್ ಪತ್ರ ಇತ್ತು. ‘ಶ್ರೀನಿವಾಸಪುರದಿಂದ ಅನುಭವಿ ಮೇಷ್ಟ್ರೊಬ್ಬರು ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದಾರೆ. ಎರಡು ಪಾಯಿಂಟ್ ಇದ್ದದ್ದು ಮೂರು ಹೇಗಾಯಿತು ಅಂತ.’ ನಗುತ್ತಾ ಮುಂದುವರಿಸಿದ. ನಿಯಮ ಬದಲಾಗಿದೆ. ಬಲೆಯಿಂದ ಆರೂಕಾಲು ಮೀಟರ್ ದೂರಕ್ಕೆ ಕಮಾನಿನಂತೆ ಒಂದು ಗೆರೆ, ಅದರ ಆಚೆಯಿಂದ ಹಾಕಿದರೆ ಮೂರು. ‘ಹೊಸ ನಿಯಮದ ಪ್ರತಿಯನ್ನು ನಮ್ಮ ಜಿಲ್ಲೆಯ ಎಲ್ಲ ಮೇಷ್ಟ್ರುಗಳಿಗೂ ನಾನೇ ಕಳಿಸಿದ್ದೆ. ಇವರದು ಅಂಚೆಯಲ್ಲಿ ತಪ್ಪಿಹೋಗಿರಬೇಕು.’

ನಾನು ಬರೆದ ಬೈಗುಳದ ಒಂದು ಅಕ್ಷರವನ್ನೂ ಅವನು ಓದಲಿಲ್ಲ.

ಸಾಬರು ಚಪ್ಪಾಳೆ ತಟ್ಟಿದರು. ‘ವಾಹ್ ಮೇಷ್ಟ್ರೇ! ಟಿ.ವಿ.ನಲ್ಲಿ ನಿಮ್ ಮಾತು ಬಂತು!’ ಅಪ್ಪ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು. ‘ಪ್ರಶ್ನೆ ಕೇಳ್ದೆ ಅಂತಾನಲ್ಲ? ಅವನು ಹೇಳಿದ್ದು ತಪ್ಪು ಅಂತ ಬರ್ದಿದ್ದೀನಿ ಅಂದಿದ್ಯಲ್ಲ?’

ಅಂಚೆಯಲ್ಲಿ ಏನೂ ತಪ್ಪಿರಲಿಲ್ಲ. ಅವನ ಮಾತು ಕೇಳುತ್ತಿದ್ದಂತೆಯೇ ನನಗೆ ನೆನಪಾಯಿತು. ಮೂರು ತಿಂಗಳ ಹಿಂದೆ ಅವನ ಕೈಬರಹದ ಒಂದು ಕಂದು ಲಕೋಟೆ ಬಂದಿತ್ತು. ಅವನಿಗೆ ಎಲ್ಲೋ ಸನ್ಮಾನ, ಅದರ ಆಹ್ವಾನ ಎಂದುಕೊಂಡು ಒಡೆಯದೆ, ಆಟದ ಸಾಮಾನಿನ ಬೀರುವಿನಲ್ಲಿ ಗಾಳಿ ಹೋದ ಬಾಲುಗಳ ಹಿಂದೆ ತುರುಕಿದ್ದೆ.

ಮರುದಿನ ಬೆಳಿಗ್ಗೆ ಬೀರು ತೆಗೆದು ಲಕೋಟೆ ಒಡೆದೆ. ಟೈಪು ಮಾಡಿದ ನಿಯಮದ ಹಾಳೆಗಳು. ಮೇಲೆ ಒಂದು ಚೀಟಿ: ‘ನಿನ್ನ ಹುಡುಗರು ದೂರದಿಂದ ಚೆನ್ನಾಗಿ ಹಾಕ್ತಾರೆ. ಇದು ಅವರಿಗೆ ಲಾಭ. ಬೇಗ ಗೆರೆ ಎಳಿ.’

ಆ ಚೀಟಿ ಓದಿದಾಗ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಇನ್ನೂ ಹೆಚ್ಚಿನ ಉರಿ. ಅವನು ನನ್ನನ್ನು ಬೈದಿದ್ದರೆ ಎಷ್ಟೋ ಸುಲಭವಾಗಿರುತ್ತಿತ್ತು.

ಆರೂಕಾಲು ಮೀಟರ್ ಅಳೆದ ಹಗ್ಗ, ಸುಣ್ಣದ ಪುಡಿ ಹಿಡಿದು ಅಪ್ಪನನ್ನು ಕಾಲೇಜಿನ ಅಂಗಳಕ್ಕೆ ಕರೆದುಕೊಂಡು ಹೋದೆ. ತಂಡದವರೂ ಇದ್ದರು. ‘ಅವನು ಹೇಳಿದ್ದು ಸರಿ. ನಾನು ಬರೆದದ್ದೇ ತಪ್ಪು. ಅವನು ಕಳಿಸಿದ ಕಾಗದ ನಾನು ಒಡೆದು ನೋಡಿರ್ಲಿಲ್ಲ’ ಅಂದೆ. ಹುಡುಗರು ಮುಖ ಮುಖ ನೋಡಿಕೊಂಡರು. ಅವರಲ್ಲಿ ಎತ್ತರದವನೊಬ್ಬ, ದೂರದಿಂದ ಬಾಲು ಎಸೆದಾಗಲೆಲ್ಲ ನನ್ನ ಕೈಲಿ ಬೈಸಿಕೊಳ್ಳುತ್ತಿದ್ದವನು, ‘ಹಂಗಾದ್ರೆ ಸಾರ್, ಇನ್ಮೇಲೆ ಬೈಯಲ್ವಾ?’ ಅಂದ. ಎಲ್ಲರೂ ನಕ್ಕರು.

ಅಪ್ಪ ನಗಲಿಲ್ಲ. ‘ಹಗ್ಗದ ಆ ತುದಿ ಕೊಡು ಇಲ್ಲಿ’ ಅಂದರು. ಬಲೆಯ ಕೆಳಗೆ ಹಗ್ಗದ ತುದಿ ಅದುಮಿ ಹಿಡಿದು ಕುಕ್ಕರಗಾಲಿನಲ್ಲಿ ಕೂತರು. ನಾನು ಇನ್ನೊಂದು ತುದಿ ಹಿಡಿದು ಸುಣ್ಣ ಸುರಿಯುತ್ತಾ ಅರ್ಧ ಸುತ್ತು ಬಂದೆ.

ಅವನಿಗೆ ನಾನು ಉತ್ತರ ಬರೆಯಲಿಲ್ಲ. ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಮುಂದಿನ ಭಾನುವಾರ ಆ ನಿಯಮದ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಪೆನ್ಸಿಲ್ ಹಿಡಿದು, ಟಿ.ವಿ.ಗೆ ತೀರಾ ಹತ್ತಿರ ಕೂತೆ. ಅವನ ಒಂದೊಂದು ಮಾತನ್ನೂ ಹಾಳೆಗೆ ಹೋಲಿಸಿ ನೋಡಿದೆ. ಒಂದು ತಪ್ಪೂ ಸಿಗಲಿಲ್ಲ.